ವೈಜ್ಞಾನಿಕ ಮನೋಭಾವ: ದಿನಾಚರಣೆಗಳು, ವಿಧಿ, ಕಾಯ್ದೆ

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಇದನ್ನು ಸಿ.ವಿ. ರಾಮನ್ ಜನ್ಮದಿನವೆಂದು (ನವೆಂಬರ್ 7) ಬರೆದು ಅಂಕ ಕಳೆದುಕೊಳ್ಳುವವರಿದ್ದಾರೆ. 1928ರಲ್ಲಿ ರಾಮನ್ ಪರಿಣಾಮವನ್ನು ಕೋಲ್ಕತ್ತದಲ್ಲಿ ಕಂಡುಹಿಡಿದ ದಿನವಿದು. ನೊಬೆಲ್ ಬಂದದ್ದು 1930ರಲ್ಲಿ; ಮೊದಲ ಆಚರಣೆ 1987ರಲ್ಲಿ.

ಆಗಸ್ಟ್ 20 ರಾಷ್ಟ್ರೀಯ ವೈಜ್ಞಾನಿಕ ಮನೋಭಾವ ದಿನ. ಇದು ಸರ್ಕಾರದ ಘೋಷಣೆಯಲ್ಲ, ಜನವಿಜ್ಞಾನ ಸಂಘಟನೆಗಳು 2018ರಿಂದ ಆಚರಿಸುತ್ತಿರುವ ದಿನ. ಮೂಢನಂಬಿಕೆ ವಿರೋಧಿ ಹೋರಾಟಗಾರ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆ ದಿನ ಪುಣೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಪ್ರಶ್ನೆ ಕೇಳಿದ್ದಕ್ಕೆ ಜೀವ ತೆರಬೇಕಾಯಿತು ಎಂಬುದನ್ನು ಅಭ್ಯರ್ಥಿಗಳು ಇಸವಿಯ ಜೊತೆಗೇ ನೆನಪಿಡಬೇಕು.

ಸಂವಿಧಾನದ 51ಎ(ಎಚ್) ವಿಧಿಯಂತೆ ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಮತ್ತು ಸುಧಾರಣಾ ಪ್ರವೃತ್ತಿ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯ. ಇದನ್ನು ಸೇರಿಸಿದ್ದು 42ನೇ ತಿದ್ದುಪಡಿ, 1976. ಕರ್ತವ್ಯ ಪಾಲಿಸದಿದ್ದರೆ ನೇರ ಶಿಕ್ಷೆಯಿಲ್ಲ.

ಅದೇ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಯಂತ್ರಿತ ಪರಿಸರದಲ್ಲಿ ಪವಾಡ ತೋರಿಸಲು ಕೋರಿದರು. ಆ ಪರೀಕ್ಷೆ ನಡೆಯಲೇ ಇಲ್ಲ. ವಿಶ್ವವಿದ್ಯಾಲಯವೊಂದು ಇಷ್ಟು ನೇರವಾಗಿ ಪುರಾವೆ ಕೇಳಿದ್ದು ನಾಡಿನ ಹೆಮ್ಮೆ.

ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಹಾಗೂ ವಾಮಾಚಾರ ತಡೆ ಕಾಯ್ದೆ 2017ರದು. ಜಾರಿ 2020ರ ಜನವರಿಯಲ್ಲಿ. ಎಂಜಲೆಲೆಯ ಮೇಲೆ ಉರುಳುವುದು, ಬೆತ್ತಲೆ ಮೆರವಣಿಗೆ ಇದರಡಿ ಅಪರಾಧ. ಜ್ಯೋತಿಷ್ಯ, ವಾಸ್ತು ಇದರ ವ್ಯಾಪ್ತಿಗೆ ಬಂದಿಲ್ಲ.