ಕಾಣುವುದು ಬೇರೆ, ಎದ್ದು ಕಾಣುವುದು ಬೇರೆ

ಇಂಗ್ಲಿಷ್ ವಿಜ್ಞಾನ ಗ್ರಂಥಗಳಲ್ಲಿ ‘ಕನ್‌ಸ್ಪಿಕ್ಯುಅಸ್’ ಎಂಬ ಪದವು ಆಗಾಗ ಬರುತ್ತದೆ. ವಿದ್ಯಾರ್ಥಿಗಳಲ್ಲಿ ಅನೇಕರು ಇದಕ್ಕೆ ‘ಕಾಣುವ’ ಎಂದಷ್ಟೇ ಅರ್ಥಮಾಡಿಕೊಂಡು ಮುಂದೆ ಸಾಗುತ್ತಾರೆ. ಇದು ಸಾಲದು. ‘ಕಾಣುವ’ ಎಂಬುದಕ್ಕೆ ‘ವಿಸಿಬಲ್’ ಎಂಬ ಬೇರೆ ಪದವೇ ಉಂಟು. ನೋಡುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ‘ಕನ್‌ಸ್ಪಿಕ್ಯುಅಸ್’ ಎಂಬುದರ ತಿರುಳು, ಹುಡುಕದಿದ್ದರೂ ತಾನಾಗಿ ಕಣ್ಣಿಗೆ ಬೀಳುವಂಥದು ಎಂಬುದು. ಕನ್ನಡದಲ್ಲಿ ಇದಕ್ಕೆ ‘ಎದ್ದು ಕಾಣುವ’ ಎಂಬ ಸೊಗಸಾದ ಮಾತಿದೆ.

ಈ ಗುಣವು ವಸ್ತುವಿನಲ್ಲಿಯೇ ಇರುವುದೇ? ಲುಬ್ಧಕ ನಕ್ಷತ್ರವನ್ನು ನೋಡೋಣ. ಇರುಳಿನ ಆಕಾಶದ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾಗಿ ತೋರುವುದು ಇದೇ. ಹಗಲಿನಲ್ಲಿ ಇದು ಸೂಸುವ ಬೆಳಕೇನೂ ಕುಂದುವುದಿಲ್ಲ. ಆದರೆ ವಾಯುಮಂಡಲವು ಸೂರ್ಯನ ಬೆಳಕನ್ನು ಚದರಿಸುವುದರಿಂದ ಹಿನ್ನೆಲೆಯೇ ಬೆಳಗುತ್ತದೆ. ನಕ್ಷತ್ರ ಅದರಲ್ಲಿ ಮರೆಯಾಗುತ್ತದೆ.

ವಸ್ತುವಿಗೂ ಹಿನ್ನೆಲೆಗೂ ಇರುವ ಉಜ್ಜ್ವಲತೆಯ ವ್ಯತ್ಯಾಸವನ್ನು ಹಿನ್ನೆಲೆಯ ಉಜ್ಜ್ವಲತೆಯಿಂದ ಭಾಗಿಸಿದರೆ ‘ವೈದೃಶ್ಯ’ ದೊರೆಯುತ್ತದೆ. ಹಿನ್ನೆಲೆ 100, ವಸ್ತು 110 ಆದರೆ ವೈದೃಶ್ಯ 0.1, ಹಿನ್ನೆಲೆ 10, ವಸ್ತು 20 ಆದರೆ ವೈದೃಶ್ಯ 1. ಎರಡರಲ್ಲೂ ವ್ಯತ್ಯಾಸ ಹತ್ತೇ. ಆದರೆ ಎರಡನೆಯದು ಎದ್ದು ಕಾಣುತ್ತದೆ.

ಹಿನ್ನೆಲೆಗಿಂತ ಕಪ್ಪಾದುದೂ ಎದ್ದು ಕಾಣಬಹುದು. 1814ರಲ್ಲಿ ಫ್ರೌನ್‌ಹೋಫರ್ ಪರಿಶೀಲಿಸಿದ ಸೌರರೋಹಿತದ ಕಪ್ಪು ಗೆರೆಗಳು ಇಂಥವು. ಬೆಳಕಿನ ಕೊರತೆಯೇ ಅಲ್ಲಿ ಕಣ್ಣನ್ನು ಸೆಳೆಯುತ್ತದೆ. ಸಭೆಗೆ ಬಾರದವನ ಗೈರುಹಾಜರಿಯೇ ಎದ್ದು ಕಾಣುತ್ತಿತ್ತೆಂದು ಹೇಳುವಾಗ ಇಂಗ್ಲಿಷರು ಬಳಸುವುದೂ ಇದೇ ಪದವನ್ನು.

ನೋಡುವ ಕಣ್ಣಿನ ಪಾತ್ರವೂ ಇದರಲ್ಲಿದೆ. ಹಗಲಿನಲ್ಲಿ ನಮ್ಮ ಕಣ್ಣು ಸುಮಾರು 555 ನ್ಯಾನೊಮೀಟರ್ ತರಂಗಾಂತರದ ಹಳದಿ ಬೆರೆತ ಹಸಿರಿಗೆ ಅತ್ಯಂತ ಸೂಕ್ಷ್ಮವಾಗಿರುತ್ತದೆ; ಬೆಳಕು ತೀರ ಮಂದವಾದಾಗ ಈ ಶಿಖರವು ಸುಮಾರು 507 ನ್ಯಾನೊಮೀಟರಿಗೆ ಸರಿಯುತ್ತದೆ. ಆದುದರಿಂದಲೇ ಹಗಲಿನಲ್ಲಿ ಕಣ್ಣು ಕುಕ್ಕುವ ಕೆಂಪು ದಾಸವಾಳವು ಮುಸ್ಸಂಜೆಯಲ್ಲಿ ತನ್ನ ಎಲೆಗಳಿಗಿಂತಲೂ ಕಪ್ಪಾಗಿ ತೋರುತ್ತದೆ. ಇದನ್ನು ಪುರ್ಕಿನ್ಯೆ ಪರಿಣಾಮವೆನ್ನುತ್ತಾರೆ.

ಈ ವಿವೇಚನೆ ಕೇವಲ ಪದಾರ್ಥಕ್ಕೆ ಸಂಬಂಧಿಸಿದುದಲ್ಲ. ಕತ್ತಲಾದ ಮೇಲೆ ರಸ್ತೆಯಲ್ಲಿ ನಡೆಯುವಾಗ ದೂರದ ಲಾರಿಯ ದೀಪಗಳು ನಮಗೆ ಎದ್ದು ಕಾಣುತ್ತವೆ. ಆದುದರಿಂದ ಚಾಲಕನಿಗೂ ನಾವು ಹಾಗೆಯೇ ಕಾಣುತ್ತಿರಬೇಕೆಂದು ಭಾವಿಸುತ್ತೇವೆ. ಇದು ಅಪಾಯಕರವಾದ ತಪ್ಪು. ದೀಪದ ಹಿನ್ನೆಲೆ ಕತ್ತಲೆ. ಕಪ್ಪು ಉಡುಪು ತೊಟ್ಟ ನಮ್ಮ ಹಿನ್ನೆಲೆಯೂ ಕತ್ತಲೆಯೇ. ಬಿಳಿಯ ಬಟ್ಟೆ, ಸೈಕಲ್ಲಿಗೆ ಹಚ್ಚಿದ ಪ್ರತಿಫಲಕ ಪಟ್ಟಿ, ಕೈಯಲ್ಲೊಂದು ಟಾರ್ಚು: ಇವು ನಮ್ಮನ್ನು ‘ಕಾಣುವವರ’ ಸಾಲಿನಿಂದ ‘ಎದ್ದು ಕಾಣುವವರ’ ಸಾಲಿಗೆ ತರುತ್ತವೆ. ಈ ಎರಡು ಮಾತುಗಳ ನಡುವಣ ಅಂತರವನ್ನು ಅರಿತವನು ಇರುಳಿನಲ್ಲಿ ಕ್ಷೇಮವಾಗಿ ಮನೆ ಸೇರಿಯಾನು.