ದೆವ್ವದ ತಟ್ಟೆಗೆ ತಲೆಗೆರಡು ಡಾಲರ್

ಅಕ್ಟೋಬರ್ ಬಂತೆಂದರೆ ಅಮೆರಿಕದ ಅಂಗಡಿಗಳು ಕಿತ್ತಳೆ, ಕಪ್ಪು ಬಣ್ಣಕ್ಕೆ ತಿರುಗುತ್ತವೆ. ಹಿಂದಿನ ತಿಂಗಳು ಸಾದಾ ಪೊಟ್ಟಣದಲ್ಲಿದ್ದ ಬಿಸ್ಕತ್ತು ಈಗ ಬಾವಲಿಯ ಚಿತ್ರ ಹೊತ್ತು, ಬೆಲೆ ಏರಿಸಿಕೊಂಡು ಬಾಗಿಲಲ್ಲೇ ಎದುರಾಗುತ್ತದೆ. ಹ್ಯಾಲೋವೀನ್‌ಗೆ ಅಮೆರಿಕನ್ನರು ಒಟ್ಟು 1,220 ಕೋಟಿ ಡಾಲರ್, ಅಂದರೆ ತಲೆಗೆ ಸುಮಾರು 108 ಡಾಲರ್ ಖರ್ಚು ಮಾಡುತ್ತಾರೆಂದು ಅಲ್ಲಿನ ನ್ಯಾಷನಲ್ ರೀಟೇಲ್ ಫೆಡರೇಷನ್ 2023ರಲ್ಲಿ ಅಂದಾಜಿಸಿತ್ತು. ವೇಷ, ಮಿಠಾಯಿ, ಅಲಂಕಾರಗಳಿಗೇ ಅಷ್ಟು. ಮನೆಗೆ ಜನರನ್ನು ಕರೆದರೆ ತಿಂಡಿಯ ಖರ್ಚು ಅದರ ಮೇಲೆ.

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಅಕ್ಕಪಕ್ಕದವರೂ ಕನ್ನಡದ ಗೆಳೆಯರೂ ಮಕ್ಕಳೊಂದಿಗೆ ವೇಷ ಹಾಕಿಕೊಂಡು ಸೇರುತ್ತಾರೆ. ಈ ಸಂಜೆ ನನಗೆ ಬಹಳ ಇಷ್ಟ, ಅದನ್ನು ಬಿಡುವ ಮಾತಿಲ್ಲ. ಆದರೆ ಮಾರನೆಯ ದಿನವೇ ಕನ್ನಡ ರಾಜ್ಯೋತ್ಸವ, ಆಸುಪಾಸಿನಲ್ಲೇ ದೀಪಾವಳಿ. 2024ರಲ್ಲಂತೂ ನರಕ ಚತುರ್ದಶಿ, ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಂದವು. ಒಂದೇ ತಿಂಗಳ ಸಂಬಳದಲ್ಲಿ ಎಲ್ಲವೂ ಸುಧಾರಿಸಬೇಕು. ಹಾಗಾಗಿ ಈ ಪಾರ್ಟಿಯ ತಿಂಡಿಗೆ ನಾನು ಇಟ್ಟುಕೊಂಡಿರುವ ಮಿತಿ ತಲೆಗೆ ಎರಡು ಡಾಲರ್.

ಇಷ್ಟರಲ್ಲಿ ಆಗುತ್ತದೆಯೇ ಎಂದು ಗೆಳತಿಯರು ಕೇಳುತ್ತಾರೆ. ಖಂಡಿತ ಆಗುತ್ತದೆ. ಭಯ ಹುಟ್ಟಿಸುವುದು ಆಕಾರ. ದುಬಾರಿ ಪದಾರ್ಥ ಬೇಕಿಲ್ಲ. ಯಾವ ತಿಂಡಿಗಾದರೂ ಎರಡು ಕಣ್ಣು ಇಟ್ಟರೆ ಅದು ನಮ್ಮನ್ನು ನೋಡತೊಡಗುತ್ತದೆ, ಮತ್ತು ಕಣ್ಣಿಗೆ ತಗಲುವುದು ಕೆಲವು ಸೆಂಟ್ ಮಾತ್ರ. ಈ ಹಬ್ಬ ಬೆಳೆದು ಬಂದ ರೀತಿಯೂ ಹಾಗೆಯೇ. ಐರ್ಲೆಂಡಿನ ಹಳ್ಳಿಗರು ಹೊಲದ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದವರಿಗೆ ಅಮೆರಿಕದಲ್ಲಿ ದೊಡ್ಡ, ಮೆದು ಕುಂಬಳಕಾಯಿ ಸಿಕ್ಕಿತು, ಅದನ್ನೇ ಕೊರೆದರು. ಕೈಗೆ ಸಿಕ್ಕಿದ್ದರಲ್ಲೇ ದೆವ್ವ ಮಾಡಿದವರು ಅವರು.

ಇಪ್ಪತ್ತು ಜನಕ್ಕೆ ನಾನು ಮಾಡುವುದು ಐದು ಬಗೆ. ಬೆಲೆಗಳು ನಮ್ಮೂರಿನವು.

ಕಣ್ಣುಗುಡ್ಡೆ ಇಡ್ಲಿ: ಮಿನಿ ಇಡ್ಲಿಯ ಮೇಲೆ ಕರಿ ಆಲಿವ್ ಬಿಲ್ಲೆ ಇಟ್ಟು, ಅದರ ತೂತಿಗೆ ಒಂದು ಚುಕ್ಕಿ ಕೆಂಪು ಚಟ್ನಿ. ಬೀಟ್‌ರೂಟ್ ರಸದಲ್ಲಿ ಅದ್ದಿದ ಹಲ್ಲುಕಡ್ಡಿಯಿಂದ ಸುತ್ತ ನರಗಳನ್ನು ಎಳೆದರೆ ಮಕ್ಕಳು ಕಿರುಚಿಕೊಂಡೇ ತಿನ್ನುತ್ತಾರೆ. ಅಕ್ಕಿ, ಉದ್ದು, ಆಲಿವ್ ಡಬ್ಬಿ ಎಲ್ಲ ಸೇರಿ ಐದು ಡಾಲರಿಗೆ ನಲವತ್ತು. ಆ ಚಳಿಯಲ್ಲಿ ಹಿಟ್ಟು ಹುದುಗಲು ಓವನ್ನಿನ ದೀಪ ಹಾಕಿ ರಾತ್ರಿಯಿಡೀ ಒಳಗಿಡಬೇಕು.

ಮಾಟಗಾತಿಯ ಬೆರಳು: ಮೈದಾ, ಬೆಣ್ಣೆ, ಓಂಕಾಳು, ಉಪ್ಪು ಹಾಕಿ ಗಟ್ಟಿಯಾಗಿ ಕಲಸಿ, ಬೆರಳಿನಂತೆ ಹೊಸೆದು, ಗೆಣ್ಣಿನ ಜಾಗದಲ್ಲಿ ಚಾಕುವಿನಿಂದ ಗೆರೆ ಎಳೆದು ಬೇಕ್ ಮಾಡುವುದು. ಉಗುರಿಗೆ ಎಲ್ಲರೂ ಬಾದಾಮಿ ಚುಚ್ಚುತ್ತಾರೆ. ನಾನು ದೀಪಕ್ಕೆಂದು ಕೊರೆದ ಕುಂಬಳಕಾಯಿಯ ಬೀಜವನ್ನು ತೊಳೆದು ಒಣಗಿಸಿ ಚುಚ್ಚುತ್ತೇನೆ. ಅದಕ್ಕೆ ಖರ್ಚಿಲ್ಲ, ಬಾದಾಮಿ ಅಲರ್ಜಿ ಇರುವ ಮಗುವೂ ನಮ್ಮ ತಟ್ಟೆಗೆ ಕೈ ಹಾಕಬಹುದು. ನಲವತ್ತು ಬೆರಳಿಗೆ ಎರಡು ಡಾಲರ್.

ಪನೀರ್ ಮಮ್ಮಿ: ಈಜಿಪ್ಟಿನ ಮಮ್ಮಿಗಳಂತೆ ಬಟ್ಟೆ ಸುತ್ತಿಕೊಂಡ ರೂಪ. ಅಮೆರಿಕನ್ನರು ಇದನ್ನು ಹಾಟ್ ಡಾಗಿನಿಂದ ಮಾಡುತ್ತಾರೆ. ನಾನು ಪನೀರಿನ ಕಡ್ಡಿಗಳಿಗೆ ಉಪ್ಪು, ಖಾರ, ಜೀರಿಗೆ ಪುಡಿ ಸವರಿ, ಪಫ್ ಪೇಸ್ಟ್ರಿಯ ಸಣ್ಣ ಪಟ್ಟಿಗಳನ್ನು ಸುತ್ತಿ, ಮುಖದ ಜಾಗ ಬಿಟ್ಟು, 400 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹೊಂಬಣ್ಣ ಬರುವವರೆಗೆ ಇಡುತ್ತೇನೆ. ಕಣ್ಣಿಗೆ ಆಲಿವ್ ಚೂರು. ಇಪ್ಪತ್ನಾಲ್ಕಕ್ಕೆ ಹದಿಮೂರು ಡಾಲರ್. ಪಟ್ಟಿಯಲ್ಲಿ ಇದೇ ದುಬಾರಿ.

ಉಳಿದೆರಡಕ್ಕೆ ಒಲೆಯೇ ಬೇಡ. ಸುಲಿದ ಪುಟ್ಟ ಕಿತ್ತಳೆಯ ನಡುವೆ ಸೆಲರಿ ತುಂಡು ಸಿಕ್ಕಿಸಿದರೆ ಅದು ಕುಂಬಳಕಾಯಿ. ಅರ್ಧ ಬಾಳೆಹಣ್ಣನ್ನು ನಿಂಬೆರಸ ಸವರಿ ನಿಲ್ಲಿಸಿ, ಚಾಕೊಲೇಟ್ ಚಿಪ್ಸಿನಿಂದ ಕಣ್ಣು, ಬಾಯಿ ಇಟ್ಟರೆ ಅದು ಭೂತ. ಎರಡೂ ಸೇರಿ ಮೂವತ್ತಾರು ತುಂಡು, ಹದಿಮೂರು ಡಾಲರ್.

ಒಟ್ಟು 33 ಡಾಲರ್, 140 ತುಂಡು. ತಲೆಗೆ ಏಳು ತುಂಡು, 1 ಡಾಲರ್ 65 ಸೆಂಟ್. ಇದೇ ಅಂಗಡಿಯ ಸಿದ್ಧ ತಟ್ಟೆಗಳಾದರೆ ಒಂದೊಂದಕ್ಕೆ ಮೂವತ್ತು ಡಾಲರಿನ ಮೇಲೆ. ಇಪ್ಪತ್ತು ಜನಕ್ಕೆ ಮೂರಾದರೂ ಬೇಕು.

ಕೊಳ್ಳುವಾಗ ಉಳಿಸಿದ್ದು ಎಸೆಯುವಾಗ ಹೋಗಬಾರದು. ಮಿಠಾಯಿಯಿಂದ ಹೊಟ್ಟೆ ತುಂಬಿದ ಮಕ್ಕಳು ತಿಂಡಿ ಕಡಿಮೆ ತಿನ್ನುತ್ತಾರೆ. ಪನೀರಿನಂಥದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಮೇಜಿಗೆ ತರದೆ ಅರ್ಧರ್ಧ ತರುತ್ತೇನೆ. ಮಮ್ಮಿಗಳ ಎರಡನೆಯ ತಟ್ಟೆ ಬೇಯಿಸದೆ ಫ್ರಿಜ್ಜಿನಲ್ಲೇ ಇರುತ್ತದೆ. ಬೇಡವಾದರೆ ಮರುದಿನ ಬೇಯಿಸಿ ಮಕ್ಕಳ ಊಟದ ಡಬ್ಬಿಗೆ. ಬೆರಳುಗಳನ್ನು ಎರಡು ದಿನ ಮೊದಲೇ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಗರಿಗರಿಯಾಗಿಯೇ ಇರುತ್ತವೆ. ಇದರಿಂದ ಆ ದಿನದ ಕೆಲಸ ಹಗುರವಾಗುತ್ತದೆ. ದಣಿದಾಗಲೇ ಅಲ್ಲವೇ, ಕೊನೆಗಳಿಗೆಯಲ್ಲಿ ಅಂಗಡಿಗೆ ಓಡಿ ಕೈಗೆ ಸಿಕ್ಕಿದ್ದನ್ನು ಕೊಂಡು ತರುವುದು?

ಕಾಗದದ ತಟ್ಟೆ, ಜೇಡರ ಬಲೆ, ತೋರಣ ಮುಂತಾದ ಕೆಡದ ಸಾಮಾನು ಬೇಕಿದ್ದರೆ ನವೆಂಬರ್ 1ರವರೆಗೆ ಕಾಯಿರಿ. ಅಂದಿನಿಂದ ಬೆಲೆ ಅರ್ಧಕ್ಕಿಳಿಯುತ್ತದೆ, ಮುಂದಿನ ವರ್ಷಕ್ಕೆ ಆಗುತ್ತದೆ.

ಮಕ್ಕಳನ್ನೂ ಈ ಲೆಕ್ಕಕ್ಕೆ ಕೂರಿಸಿಕೊಳ್ಳಿ. ನಲವತ್ತು ಡಾಲರ್ ಅವರ ಮುಂದಿಟ್ಟು, ಏನೇನು ಮಾಡೋಣ, ಯಾವುದಕ್ಕೆ ಎಷ್ಟು ಎಂದು ಬರೆಸಿ. ದುಬಾರಿ ಮಮ್ಮಿಯನ್ನು ಒಂದೊಂದೇ ಇಟ್ಟು, ಅಗ್ಗದ ಬೆರಳನ್ನು ಹೆಚ್ಚು ಮಾಡಿದರೆ ತಟ್ಟೆಯೂ ತುಂಬುತ್ತದೆ, ಹಣವೂ ಉಳಿಯುತ್ತದೆ ಎಂಬುದು ಅವರಿಗೆ ತಾವಾಗಿಯೇ ತಿಳಿಯುತ್ತದೆ. ಉಳಿದ ಡಾಲರುಗಳು ನಮ್ಮಲ್ಲಿ ನೇರ ದೀಪಾವಳಿಯ ಲಕೋಟೆಗೆ ಹೋಗುತ್ತವೆ. ಯಾವ ಹಬ್ಬವನ್ನೂ ಬಿಡದೆ, ಸಾಲದ ಕಾರ್ಡಿನ ಬಾಕಿಯನ್ನೂ ಬೆಳೆಸದೆ ವರ್ಷದ ಕೊನೆ ಮುಟ್ಟಲು ನಮ್ಮ ಮನೆಗೆ ಒದಗಿಬಂದ ದಾರಿ ಇದು.