ಬಂಡಿಯ ಮೈಯೆತ್ತಿದರೆ ಇರುಸು ಏಳುವುದೆ?

ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಮಳೆ ಬಿದ್ದ ಮರುದಿನ ಎರೆಹೊಲದಲ್ಲಿ ನಡೆದವರಿಗೆ ಆ ಮಣ್ಣಿನ ಗುಣವನ್ನು ವಿವರಿಸಬೇಕಾಗಿಲ್ಲ. ಹೆಜ್ಜೆಹೆಜ್ಜೆಗೂ ಕಾಲಿನ ತೂಕ ಹೆಚ್ಚುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಸಿದಾರಿಯಲ್ಲಿ ಟ್ರ್ಯಾಕ್ಟರುಗಳು ಕೊರೆದ ಗಾಲಿಜಾಡು ಬಿಸಿಲಿಗೆ ಕಲ್ಲಿನಂತಾದ ಮೇಲೆ, ನಡುವೆ ಉಳಿದ ದಿಣ್ಣೆ ಪಿಕಪ್ ಟ್ರಕ್ಕಿನ ಅಡಿಯನ್ನು ಉಜ್ಜತೊಡಗುತ್ತದೆ. ಬಂಡಿಯನ್ನು ನಾಲ್ಕು ಅಂಗುಲ ಎತ್ತರಿಸಿದರಾಗದೆ ಎಂಬ ಯೋಚನೆ ಇಂಥಲ್ಲಿ ಹುಟ್ಟುವುದು ಸಹಜ.

ಎತ್ತರಿಸುವುದೆಂದರೆ ಸಾಮಾನ್ಯವಾಗಿ ಇರುಸಿಗೂ ಉಕ್ಕಿನ ಪಟ್ಟಿಸ್ಪ್ರಿಂಗಿಗೂ ನಡುವೆ ದಿಂಡನ್ನಿಡುವುದು, ಇಲ್ಲವೆ ಹೆಚ್ಚು ಬಾಗಿದ ಪಟ್ಟಿಗಳನ್ನು ಹಾಕುವುದು. ಇದರಿಂದ ಮೈ ಏಳುತ್ತದೆ. ಹಳ್ಳಕ್ಕೆ ಇಳಿಯುವಾಗ ಮುಂಗೋಡು ದಡಕ್ಕೆ ತಾಗುವುದಿಲ್ಲ. ಆದರೆ ಹಿಂದಿನ ಇರುಸಿನ ನಡುವೆ ಗುಂಡಗೆ ಜೋತಿರುವ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ನೋಡಿರಿ. ಬಂಡಿಯ ಅಡಿಯಲ್ಲಿ ಬಹುಮಟ್ಟಿಗೆ ಅತಿ ಕೆಳಗಿರುವ ಭಾಗ ಅದೇ. ಅದು ಗಾಲಿಗಳೊಡನೆ ಬಿಗಿದಿರುವುದರಿಂದ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಒಂದು ಕೂದಲೆಳೆಯಷ್ಟೂ ಏಳದು. ಅದನ್ನು ಎತ್ತಬಲ್ಲದ್ದು ಗಾಲಿಯ ತ್ರಿಜ್ಯವೊಂದೇ. ನಮ್ಮ ಎತ್ತಿನ ಬಂಡಿಯ ಬಡಗಿ ಇದನ್ನು ಸೂತ್ರವಿಲ್ಲದೆ ಅರಿತಿದ್ದನು. ಅವನ ಗಾಲಿ ಎದೆಯುದ್ದ, ಇರುಸು ದಿಣ್ಣೆಗೆ ನಿಲುಕದಷ್ಟು ಮೇಲೆ.

ಹಾಗಾದರೆ ದೊಡ್ಡ ಟೈರುಗಳನ್ನೇ ಹಾಕೋಣವೆ? ವ್ಯಾಸ 70 ಸೆಂಟಿಮೀಟರಿನಿಂದ 77ಕ್ಕೆ ಏರಿದರೆ ಇರುಸು ಏಳುವುದು ಮೂರೂವರೆ ಸೆಂಟಿಮೀಟರು ಮಾತ್ರ. ವೇಗಮಾಪಕ 60 ಎಂದು ತೋರುವಾಗ ಬಂಡಿ 66 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ; ಬ್ರೇಕಿಗೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಬಲ ಬೇಕು.

ಈಗ ಉರುಳುವ ಭಯವನ್ನು ಲೆಕ್ಕ ಹಾಕೋಣ. ಎಡಬಲ ಗಾಲಿಗಳ ನಡುವಣ ಅಗಲ 140 ಸೆಂಟಿಮೀಟರು, ಮೆಕ್ಕೆಜೋಳ ಹೇರಿದ ಬಂಡಿಯ ಗುರುತ್ವಕೇಂದ್ರದ ಎತ್ತರ 100 ಎಂದಿಟ್ಟುಕೊಳ್ಳೋಣ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 0.7. ಈ ಭಾಗಲಬ್ಧವನ್ನು ಗುರುತ್ವ ವೇಗೋತ್ಕರ್ಷದಿಂದಲೂ ತಿರುವಿನ ತ್ರಿಜ್ಯದಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಉರುಳುವ ವೇಗ ಬರುತ್ತದೆ. ತ್ರಿಜ್ಯ 30 ಮೀಟರಾದರೆ, ಗಾಲಿ ಜಾರದೆ ಹಿಡಿದಿದ್ದರೆ, ಅದು ಗಂಟೆಗೆ ಸುಮಾರು 52 ಕಿಲೋಮೀಟರು. ಮೈಯನ್ನು 10 ಸೆಂಟಿಮೀಟರು ಎತ್ತಿದರೆ 49. ವ್ಯತ್ಯಾಸ ಅಲ್ಪವೆನ್ನುವಿರಾ? ನಮಗೂ ಮೊದಲು ಹಾಗೆಯೇ ತೋರಿತು. ಆದರೆ ಮೂಟೆಗಳನ್ನು ಇನ್ನೂ ಮೇಲಕ್ಕೆ ಪೇರಿಸಿ ಗುರುತ್ವಕೇಂದ್ರ 130ಕ್ಕೆ ಏರಿದರೆ 45. ಎರಡೂ ಕೂಡಿದರೆ 44ಕ್ಕೂ ಕಡಿಮೆ. ಹೊರೆಗೆ ಸ್ಪ್ರಿಂಗುಗಳು ಒಂದು ಬದಿಗೆ ವಾಲುವುದರಿಂದ ನಿಜವಾದ ಮಿತಿ ಇದಕ್ಕೂ ಕೆಳಗೇ. ಮೂಟೆಗಳ ಮೇಲೆ ಕೂಲಿಯವರನ್ನೂ ಕೂರಿಸಿದ ಬಂಡಿ ಕತ್ತಲಲ್ಲಿ ಹೆದ್ದಾರಿಯ ತಿರುವಿಗೆ ಬರುವಾಗ ಈ ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯುವುದಿಲ್ಲ.

ಹೂತುಹೋಗುವ ತೊಂದರೆಗಂತೂ ಎತ್ತರ ಮದ್ದೇ ಅಲ್ಲ. ಟೈರು ನೆಲವನ್ನು ಒತ್ತುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಹತ್ತಿರವಾಗಿರುತ್ತದೆ. ಹೊರೆಯಿಳಿಸಿ, ಸ್ವಲ್ಪ ಗಾಳಿ ಬಿಟ್ಟು, ಮೆಲ್ಲಗೆ ನಡೆಸಿದರೆ ಟೈರು ಅಗಲವಾಗಿ ಊರಿ ಹೂಳುವುದು ಕಡಿಮೆಯಾಗುತ್ತದೆ. ಡಾಂಬರು ದಾರಿಗೆ ಬಂದೊಡನೆ ಮತ್ತೆ ಗಾಳಿ ತುಂಬಬೇಕು, ಇಲ್ಲವಾದರೆ ಟೈರು ಕಾಯ್ದು ಒಡೆದೀತು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ತಯಾರಕರು ಮೊದಲು ಸೂಚಿಸಿದ ವಿವರಗಳಿಗೆ ನೋಂದಣಿಪತ್ರದ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.